ಬಡೀ ಆಪಾ ಪಾಠ ಒಪ್ಪಿಸಿದ ದಿನಗಳು

ಮದ್ರಸಾದಲ್ಲಿ ಪಾಠ ಹೇಳಲು ಹೊಸದಾಗಿ ಸೇರುವ ಹುಡುಗಿಯರು ಈಗಲೂ ಆಗಾಗ ನನ್ನ ಮನೆಗೆ ಬರುತ್ತಾರೆ. ಗಲಾಟೆ ಮಾಡುವ ಮಕ್ಕಳನ್ನು ಸುಮ್ಮನಿರಿಸುವುದು ಹೇಗೆ, ಬಾಯಿಪಾಠ ಆಗಿದ್ದು ಮರೆಯದ ಹಾಗೆ ಏನು ಮಾಡಬೇಕು, ಫೋನಿನಲ್ಲಿ ಪಾಠ ಕೇಳಿಸಿಕೊಂಡರೆ ನಡೆಯುತ್ತದೆಯೇ ಎಂದೆಲ್ಲ ಕೇಳುತ್ತಾರೆ. ನನಗೆ ತೋಚಿದ್ದನ್ನು ಹೇಳಿ, ಚಹಾ ಕೊಟ್ಟು ಕಳಿಸುತ್ತೇನೆ. ನಮಗೆ ಕಲಿಸಿದವರೇ ತಪ್ಪು ಹೇಳುತ್ತಿದ್ದಾರೆ ಎಂದು ಗೊತ್ತಾದ ದಿನ ಏನು ಮಾಡುವುದು ಎಂದು ಮಾತ್ರ ಯಾರೂ ಕೇಳಿಲ್ಲ. ಕೇಳಲು ಅವರಿಗೆ ಹೊಳೆಯುವುದೂ ಇಲ್ಲ. ನನಗೂ ಹೊಳೆದಿರಲಿಲ್ಲ. ಆ ದಿನ ಬಂದಾಗ ಯಾರನ್ನು ಕೇಳುವುದೆಂದು ತಿಳಿಯದೆ ಒದ್ದಾಡಿದೆ. ನಿಮಗೆ ಆ ಪಾಡು ಬರದಿರಲಿ. ಬಂದರೆ ಉಪಯೋಗಕ್ಕೆ ಬರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕಾರಣ ಸುಲಭ. ನಾನು ಓದಿದ್ದು ಕನ್ನಡ ಮೀಡಿಯಂ ಸರ್ಕಾರಿ ಶಾಲೆಯಲ್ಲಿ. ಈಗ ಕಲಿಸಲು ಬರುವವರಲ್ಲಿ ಅರ್ಧ ಜನಕ್ಕೆ ಮನೆಯಲ್ಲಿ ಉರ್ದು ಆಡಲು ಬರುತ್ತದೆಯೇ ಹೊರತು ಓದಲು ಬರುವುದಿಲ್ಲ.

ನಮ್ಮ ಮದ್ರಸಾ ಇದ್ದದ್ದು ಮೈಸೂರಿನ ರಾಜೀವನಗರದಲ್ಲಿ, ಟೈಲರ್ ಅಂಗಡಿಯೊಂದರ ಮೇಲಿನ ಎರಡು ಕೋಣೆಗಳಲ್ಲಿ. ಕೆಳಗೆ ಹೊಲಿಗೆ ಯಂತ್ರಗಳ ಸದ್ದು, ಮೇಲೆ ಹುಡುಗಿಯರು ಓದುವ ಸದ್ದು. ಬೆಳಿಗ್ಗೆ ಶಾಲೆಗೆ ಹೋಗುವ ಮೊದಲು ಚಿಕ್ಕವರು ಬಂದು ಅರಬಿ ಅಕ್ಷರ ಕಲಿಯುತ್ತಿದ್ದರು. ಅವರು ಹೋದ ಮೇಲೆ ಇಡೀ ಕುರ್‌ಆನ್ ಬಾಯಿಪಾಠ ಮಾಡುವ ದೊಡ್ಡ ಹುಡುಗಿಯರ ಸರದಿ. ಹಾಗೆ ಪೂರ್ತಿ ಬಾಯಿಪಾಠ ಮಾಡಿದವಳನ್ನು ಹಾಫಿಜಾ ಎನ್ನುತ್ತಾರೆ. ಹೊರಗಿನವರು ನಮ್ಮ ಕೆಲಸ ಹೇಳಿಕೊಡುವುದು ಎಂದುಕೊಳ್ಳುತ್ತಾರೆ. ನಿಜವಾಗಿ ಅದು ಕೇಳಿಸಿಕೊಳ್ಳುವ ಕೆಲಸ. ಹುಡುಗಿ ಎದುರು ಕುಳಿತು ಪಾಠ ಒಪ್ಪಿಸುತ್ತಾಳೆ. ನೀವು ಕೇಳಿಸಿಕೊಳ್ಳುತ್ತೀರಿ. ಒಂದು ಸ್ವರ ಉದ್ದವಾದರೆ, ಒಂದು ಪದ ಜಾರಿದರೆ ನಿಲ್ಲಿಸುತ್ತೀರಿ. ದಿನವೆಲ್ಲ ಹೀಗೆ. ಸಂಜೆ ಮನೆಗೆ ಹೋಗಿ ಸೊಪ್ಪು ಬಿಡಿಸುವಾಗಲೂ ಕಿವಿಯಲ್ಲಿ ಯಾರೋ ಓದುತ್ತಲೇ ಇರುತ್ತಾರೆ.

ನಾನು ಯಾವಾಗ ಏನಾದೆ ಎಂಬುದನ್ನೆಲ್ಲ ಬಿಟ್ಟುಬಿಡುತ್ತೇನೆ. ನಮ್ಮಲ್ಲಿ ಬಡ್ತಿ ಎಂದರೆ ಬಾಗಿಲ ಬಳಿಯ ಚಾಪೆಯಿಂದ ಕಿಟಕಿ ಬಳಿಯ ಚಾಪೆಗೆ ಹೋಗುವುದು, ಅಷ್ಟೆ. ಕಿಟಕಿಯ ಬಳಿ ಕೂರುತ್ತಿದ್ದವರು ಬಡೀ ಆಪಾ. ಅವರ ಹೆಸರು ಮೆಹರುನ್ನೀಸಾ. ದೊಡ್ಡಕ್ಕ ಎಂಬ ಅರ್ಥದಲ್ಲಿ ಎಲ್ಲರೂ ಬಡೀ ಆಪಾ ಎಂದೇ ಕರೆಯುತ್ತಿದ್ದರು. ನಾನು ಏಳು ವರ್ಷದವಳಿದ್ದಾಗ ಅಕ್ಷರ ಕಲಿತದ್ದು ಅವರ ಮುಂದೆ. ಹಾಫಿಜಾ ಆದದ್ದೂ ಅವರ ಕೈಯಲ್ಲೇ. ಆಮೇಲೆ ಅದೇ ಕೋಣೆಯಲ್ಲಿ ಅವರ ಕೈಕೆಳಗೆ ಕಲಿಸಲು ಸೇರಿದೆ. ಅವರು ಮದುವೆಯಾಗಲಿಲ್ಲ. ಮಂಡಿ ಮೊಹಲ್ಲಾದಲ್ಲಿ ತಮ್ಮನ ಮನೆಯಲ್ಲಿದ್ದರು. ಅಲ್ಲೇ ಹುಟ್ಟಿ ಬೆಳೆದವರಾದ್ದರಿಂದ ಅವರ ಕನ್ನಡ ಅಪ್ಪಟ ಮೈಸೂರಿನದು. ನಾವಿಬ್ಬರೂ ಉರ್ದುವಿನಲ್ಲಿ ಶುರು ಮಾಡಿದ ಮಾತನ್ನು ಕನ್ನಡದಲ್ಲಿ ಮುಗಿಸುತ್ತಿದ್ದೆವು.

ಸೇರಿದ ಹೊಸತರಲ್ಲಿ ನಡೆದದ್ದು ಒಂದು ನೆನಪಿದೆ. ವಿದ್ಯಾರ್ಥಿನಿಯೊಬ್ಬಳ ತಾಯಿ ಬಂದು, ತೀರಿಕೊಂಡ ಅಪ್ಪನ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಎಷ್ಟು ಪಾಲು ಬರುತ್ತದೆ ಎಂದು ಬಡೀ ಆಪಾರನ್ನು ಎಲ್ಲರೆದುರು ಕೇಳಿದರು. ಬಡೀ ಆಪಾ ಅದು ತಮಗೆ ಗೊತ್ತಿಲ್ಲ, ಧರ್ಮದ ಕಾನೂನು ಬಲ್ಲ ಮುಫ್ತಿ ಸಾಹೇಬರನ್ನು ಕೇಳಿ ಎಂದುಬಿಟ್ಟರು. ನನಗೆ ಮುಜುಗರವಾಯಿತು. ಇಷ್ಟು ಹುಡುಗಿಯರು ನೋಡುತ್ತಿರುವಾಗ ಮುಖ್ಯ ಉಸ್ತಾನಿ, ಅಂದರೆ ಎಲ್ಲರಿಗೂ ಹಿರಿಯ ಶಿಕ್ಷಕಿ, ಗೊತ್ತಿಲ್ಲ ಎನ್ನುವುದೇ? ಆ ತಾಯಿ ಹೋದ ಮೇಲೆ ನನ್ನ ಮುಖ ನೋಡಿ ಅವರಿಗೇ ಅರ್ಥವಾಯಿತು.

“ಗೊತ್ತಿಲ್ಲ ಅನ್ನೋದನ್ನೂ ಮಕ್ಕಳು ಯಾರ ಹತ್ರನಾದ್ರೂ ಕಲೀಬೇಕಲ್ಲ ಕಣೇ” ಎಂದರು.

ಇಲ್ಮ್ ಎಂದರೆ ಜ್ಞಾನ, ಅದು ಅಲ್ಲಾಹನದು, ನಮ್ಮ ಕೈಗೆ ಬಂದಿರುವುದು ಅಮಾನತ್ತು, ಅಂದರೆ ಜೋಪಾನ ಮಾಡಲು ಕೊಟ್ಟ ಒಡವೆ ಎಂದು ಅವರು ಹೇಳುತ್ತಿದ್ದರು. ಇದನ್ನು ಮಾತಿಗೆ ಹೇಳುವವರು ಬಹಳ ಜನ. ಅವರು ಹಾಗೆಯೇ ಬದುಕುತ್ತಿದ್ದರು. ನಾನು ಸೇರಿದಾಗ ಬೆತ್ತ ಇತ್ತು. ಹೆದರಿದ ಹುಡುಗಿ ಬೇಗ ಕಲಿಯುತ್ತಾಳೆ, ಅಷ್ಟೇ ಬೇಗ ಮರೆಯುತ್ತಾಳೆ ಎಂದು ಒಂದು ದಿನ ಅದನ್ನು ಟೈಲರ್‌ಗೆ ಕೊಟ್ಟರು. ಅವನು ಅದನ್ನು ಬಟ್ಟೆ ತೂಗುಹಾಕುವುದಕ್ಕೆ ಬಳಸಿಕೊಂಡ. ಆಮೇಲೆ ಟೇಪ್ ರೆಕಾರ್ಡರ್ ಬಂತು, ಫೋನ್ ಬಂತು. ಹೊಸದನ್ನು ಕಂಡು ಅವರು ಹೆದರಲಿಲ್ಲ, ಹುಡುಗಿಯರ ಕೈಯಲ್ಲೇ ಹೇಳಿಸಿಕೊಂಡು ಕಲಿತರು. ಒಂದು ವಿಷಯದಲ್ಲಿ ಮಾತ್ರ ಅವರಿಗೆ ಯಾರ ಸಹಾಯವೂ ಬೇಕಿರಲಿಲ್ಲ. ಪಾಠ ಕೇಳಿಸಿಕೊಳ್ಳುವಾಗ ಅವರ ಮುಂದೆ ಪುಸ್ತಕ ಇರುತ್ತಿರಲಿಲ್ಲ. ಕಣ್ಣು ಮುಚ್ಚಿ, ಮುಂದಿನ ಗಿಡ್ಡ ಮೇಜಿನ ಮೇಲೆ ಬೆರಳಿಟ್ಟು ಕೂರುತ್ತಿದ್ದರು. ತಪ್ಪಾದ ಕಡೆ ಬೆರಳು ಟಕ್ಕೆಂದು ಬಡಿಯುತ್ತಿತ್ತು. ಆ ಬೆರಳು ತಪ್ಪಿದ್ದನ್ನು ನಾನು ಈಗ ಹೇಳಲಿರುವ ವರ್ಷದವರೆಗೆ ನೋಡಿರಲಿಲ್ಲ.

ಕುರ್‌ಆನಿನಲ್ಲಿ ಒಂದೇ ಬಗೆಯ ವಾಕ್ಯಗಳು ಬೇರೆ ಬೇರೆ ಕಡೆ ಬರುತ್ತವೆ. ಆರಂಭ ಒಂದೇ, ಕೊನೆಯ ಎರಡು ಪದ ಮಾತ್ರ ಬೇರೆ. ಬಾಯಿಪಾಠ ಮಾಡುವವರಿಗೆ ಇದು ದಾರಿ ಕವಲೊಡೆಯುವ ಜಾಗ. ಎಚ್ಚರ ತಪ್ಪಿದರೆ ಈ ಅಧ್ಯಾಯದಲ್ಲಿ ಓದುತ್ತಿದ್ದವಳು ಗೊತ್ತೇ ಆಗದೆ ಇನ್ನೊಂದು ಅಧ್ಯಾಯಕ್ಕೆ ಹೋಗಿಬಿಡುತ್ತಾಳೆ. ಆ ವರ್ಷ ಕೊನೆಯ ಪರೀಕ್ಷೆಗೆ ತಯಾರಾಗುತ್ತಿದ್ದ ನಾಲ್ವರಲ್ಲಿ ತಸ್ಲೀಮ್ ಒಬ್ಬಳು. ಅವಳ ಅಪ್ಪ ನಜೀರ್ ಭಾಯ್ ಆಟೋ ಓಡಿಸುವವರು. ಮಗಳು ಹಾಫಿಜಾ ಆಗಲಿ ಎಂದು ಶಾಲೆಯನ್ನು ಒಂದು ವರ್ಷ ನಿಲ್ಲಿಸಿದ್ದರು. ಒಂದು ಬೆಳಿಗ್ಗೆ ಅವಳು ಬಡೀ ಆಪಾರ ಮುಂದೆ ಓದುತ್ತ ಕವಲಿನಲ್ಲಿ ತಪ್ಪು ದಾರಿ ಹಿಡಿದಳು. ಪಕ್ಕದ ಚಾಪೆಯಲ್ಲಿದ್ದ ನಾನು ಬೆರಳಿನ ಸದ್ದಿಗೆ ಕಾದೆ. ಬರಲಿಲ್ಲ. ಬಡೀ ಆಪಾ ತಲೆದೂಗುತ್ತಲೇ ಇದ್ದರು.

ನನ್ನ ಕಿವಿಯೇ ಸರಿಯಾಗಿ ಕೇಳಿಸಿಕೊಂಡಿಲ್ಲ ಎಂದುಕೊಂಡೆ. ಮರುದಿನ ಇನ್ನೊಬ್ಬ ಹುಡುಗಿ ಒಂದು ಪದ ಬಿಟ್ಟಳು, ಆಗಲೂ ಬೆರಳು ಸುಮ್ಮನಿತ್ತು. ಆ ಮೇಲೆ ನನ್ನ ಮುಂದೆ ಓದುವ ಮಕ್ಕಳ ಮಾತು ನನಗೆ ಕೇಳಿಸುವುದೇ ನಿಂತಂತಾಯಿತು. ಅರ್ಧ ಕಿವಿ ಯಾವಾಗಲೂ ಕಿಟಕಿಯ ಕಡೆಗೆ. ಪರೀಕ್ಷೆ ಮಾಡಲು ಬೇರೆ ಊರಿಂದ ಹಿರಿಯ ಹಾಫಿಜಾ ಒಬ್ಬರು ಬರುವವರಿದ್ದರು. ಅವರೆದುರು ಹುಡುಗಿಯರು ತಪ್ಪು ಓದಿದರೆ ಏನಾಗುತ್ತದೆ ಎಂಬುದು ಒಂದು ಭಯ. ಅದಕ್ಕಿಂತ ದೊಡ್ಡದು, ಬಾಯಲ್ಲಿ ಕೂತ ತಪ್ಪು ಬಾಯಲ್ಲೇ ಉಳಿಯುತ್ತದಲ್ಲ ಎಂಬ ಭಯ.

ಹೇಳುವುದು ಹೇಗೆ? ಕಲಿಸಿದ ಉಸ್ತಾದರ ಮುಂದೆ ಧ್ವನಿ ಎತ್ತಬಾರದು, ಅವರ ಮನ ನೊಂದರೆ ಕಲಿತದ್ದರ ಬರಕತ್ತೇ, ಅದರಲ್ಲಿನ ದೇವರ ಆಶೀರ್ವಾದವೇ ಹೋಗುತ್ತದೆ ಎಂದು ಕೇಳುತ್ತ ಬೆಳೆದವಳು ನಾನು. ಹೇಳದಿದ್ದರೆ ಅಮಾನತ್ತಿಗೆ ಮೋಸ. ನಮ್ಮ ಮದ್ರಸಾದ ಕಮಿಟಿಯ ಅಧ್ಯಕ್ಷರಾದ ಹಾಜಿ ಸಾಹೇಬರಿಗೆ ಹೇಳಬಹುದಿತ್ತು. ಆದರೆ ಅದು ಬೆನ್ನ ಹಿಂದೆ ಆಡಿದ ಮಾತಾಗುತ್ತದೆ. ನಮಾಜಿಗೆ ನಿಂತರೆ ಇದೇ ಯೋಚನೆ. ಒಂದೆರಡು ಸಲ ಅನ್ನ ಸೀದುಹೋಯಿತು. ಮೈಗೆ ಹುಷಾರಿಲ್ಲವೇ ಎಂದು ನನ್ನ ಗಂಡ ಕೇಳಿದಾಗ ತಲೆನೋವು ಎಂದೆ.

ಕೊನೆಗೆ ದಾರಿ ಹೊಳೆದದ್ದು ಬಡೀ ಆಪಾ ಮಕ್ಕಳಿಗೆ ಹೇಳುತ್ತಿದ್ದ ಕತೆಯಿಂದಲೇ. ಪ್ರವಾದಿಯವರ ಮೊಮ್ಮಕ್ಕಳಿಬ್ಬರು ಒಮ್ಮೆ ಮುದುಕರೊಬ್ಬರು ನಮಾಜಿಗೆ ಮುಂಚೆ ಕೈಕಾಲು ತೊಳೆಯುವುದರಲ್ಲಿ ತಪ್ಪುತ್ತಿರುವುದನ್ನು ಕಂಡರಂತೆ. ತಪ್ಪು ಎಂದು ಹೇಳದೆ, ನಮ್ಮಿಬ್ಬರಲ್ಲಿ ಯಾರು ಸರಿಯಾಗಿ ತೊಳೆಯುತ್ತೇವೆ ನೋಡಿ ಹೇಳಿ ಎಂದು ಅವರ ಮುಂದೆ ತೊಳೆದು ತೋರಿಸಿದರಂತೆ. ನಾನೂ ಹಾಗೆಯೇ ಮಾಡೋಣ ಎಂದುಕೊಂಡೆ. ತಸ್ಲೀಮ್ ತಪ್ಪಿದ ಭಾಗವನ್ನು ನಾನೇ ಅವರ ಮುಂದೆ ಸರಿಯಾಗಿ ಓದುತ್ತೇನೆ, ಅವರಿಗೇ ನೆನಪಾಗುತ್ತದೆ, ಮಾತಿಲ್ಲದೆ ಮುಗಿಯುತ್ತದೆ ಎಂದು ಲೆಕ್ಕ ಹಾಕಿದೆ.

ಮಧ್ಯಾಹ್ನ ಹುಡುಗಿಯರು ಊಟಕ್ಕೆ ಹೋದ ಮೇಲೆ ಅವರ ಮುಂದೆ ಕೂತು, ಬಹಳ ದಿನ ಆಯಿತು, ನನ್ನದೂ ಸ್ವಲ್ಪ ಕೇಳಿ ಎಂದೆ. ಅವರಿಗೆ ಖುಷಿಯಾಯಿತು. ಕಣ್ಣು ಮುಚ್ಚಿ ಬೆರಳಿಟ್ಟರು. ನಾನು ಓದಿದೆ. ಕವಲಿನ ಜಾಗ ಬಂತು. ಸರಿಯಾದ ಕಡೆಗೆ ಹೊರಳಿದೆ.

ಬೆರಳು ಟಕ್ಕೆಂದು ಬಡಿಯಿತು.

“ಅಲ್ಲ” ಎಂದರು ಬಡೀ ಆಪಾ. ತಪ್ಪು ದಾರಿಯನ್ನು ತಾವೇ ಓದಿ ತೋರಿಸಿದರು. ಅವರ ಧ್ವನಿ ಎಂದಿನಂತೆ ತುಂಬಿತ್ತು, ಎಲ್ಲಿಯೂ ಅನುಮಾನ ಇರಲಿಲ್ಲ.

ನಾನು ಮತ್ತೊಮ್ಮೆ ಓದಿದೆ. ಮತ್ತೆ ಬೆರಳು ಬಡಿಯಿತು. ಕೇಳಿಸದೆ ತಪ್ಪು ಬಿಟ್ಟಿದ್ದಾರೆ ಎಂದು ನಾನು ಅಂದುಕೊಂಡಿದ್ದೆ. ಇಲ್ಲಿ ಸರಿಯನ್ನೇ ತಪ್ಪು ಎನ್ನುತ್ತಿದ್ದರು. ಗೂಡಿನಿಂದ ಕುರ್‌ಆನ್ ತೆಗೆದು, ಆ ಪುಟ ಬಿಡಿಸಿ, ಅವರ ಮುಂದಿನ ಮೇಜಿನ ಮೇಲೆ ಇಟ್ಟೆ.

ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಒಂದು ಪುಟ ಹಿಂದಕ್ಕೆ ತಿರುಗಿಸಿದರು, ಮತ್ತೆ ಮುಂದಕ್ಕೆ ಬಂದರು. ಕೆಳಗೆ ಟೈಲರ್ ಊಟಕ್ಕೆ ಎದ್ದಿದ್ದನೋ ಏನೋ, ಯಂತ್ರದ ಸದ್ದೂ ಇರಲಿಲ್ಲ.

“ನಂಗೆ ಕಲಿಸೋಕೆ ಬಂದ್ಯಾ?” ಎಂದರು.

“ಇಲ್ಲ ಆಪಾ.”

“ಹೋಗು.”

ಹೋದೆ. ಮರುದಿನ ಅವರು ಬರಲಿಲ್ಲ. ಅದರ ಮರುದಿನವೂ ಇಲ್ಲ. ಜ್ವರ ಎಂದು ತಮ್ಮನ ಮನೆಯಿಂದ ಹೇಳಿಕಳಿಸಿದರು. ಹುಡುಗಿಯರೆಲ್ಲ ನನ್ನ ಪಾಲಿಗೆ ಬಂದರು. ಒಬ್ಬೊಬ್ಬಳನ್ನೇ ಕೇಳಿಸಿಕೊಂಡಂತೆ ಅಲ್ಲಲ್ಲಿ ಕೂತಿದ್ದ ತಪ್ಪುಗಳು ಹೊರಬಿದ್ದವು. ತಿದ್ದಲು ಹೋದರೆ, ಬಡೀ ಆಪಾ ಇದೇ ಸರಿ ಎಂದಿದ್ದರಲ್ಲ ಎನ್ನುತ್ತಿದ್ದರು. ಪುಸ್ತಕ ತೆರೆದು ತೋರಿಸಿ, ಈ ಪುಟ ಇನ್ನೊಂದು ಸಲ ಓದಿ ಎಂದಷ್ಟೇ ಹೇಳುತ್ತಿದ್ದೆ. ಹಾಜಿ ಸಾಹೇಬರು ಬಂದು ಪರೀಕ್ಷೆ ಹತ್ತಿರ ಬಂತು, ಇವರಿಗೆ ಈಗಲೇ ಜ್ವರ ಬರಬೇಕಿತ್ತೇ ಎಂದು ಗೊಣಗಿ ಹೋದರು.

ಒಂದು ಸಂಜೆ ಧೈರ್ಯ ಮಾಡಿ ಮಂಡಿ ಮೊಹಲ್ಲಾಕ್ಕೆ ಹೋದೆ. ಲಾರಿಯಿಂದ ಮೆಣಸಿನಕಾಯಿ ಮೂಟೆ ಇಳಿಸುತ್ತಿದ್ದರು, ಬೀದಿಯೆಲ್ಲ ಘಾಟು. ಆ ಘಾಟಿನಲ್ಲಿ ಕಣ್ಣೊರೆಸಿಕೊಳ್ಳುವುದಕ್ಕೆ ನನಗೆ ಒಂದು ನೆಪ ಸಿಕ್ಕಿತು. ಅವರ ತಮ್ಮನ ಹೆಂಡತಿ ಬಾಗಿಲಲ್ಲೇ ನಿಲ್ಲಿಸಿ, ಆಪಾ ಯಾರನ್ನೂ ನೋಡುತ್ತಿಲ್ಲ, ಕೋಣೆಯಲ್ಲಿ ಕೂತು ಓದುತ್ತಲೇ ಇದ್ದಾರೆ, ಊಟಕ್ಕೂ ಸರಿಯಾಗಿ ಏಳುವುದಿಲ್ಲ ಎಂದರು. ಒಳಗಿನಿಂದ ಅವರು ಓದುವುದು ಕೇಳಿಸುತ್ತಿತ್ತು. ಓದು ಒಂದು ಕಡೆ ನಿಂತಿತು. ಹಿಂದಕ್ಕೆ ಹೋಗಿ ಮತ್ತೆ ಬಂತು. ಅದೇ ಕಡೆ ಮತ್ತೆ ನಿಂತಿತು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಸಲಾಮ್ ಹೇಳಿಬಿಡಿ ಎಂದು ಮೆಟ್ಟಿಲಿಳಿದೆ. ನನ್ನ ಮೇಲೆ ಅವರ ಬೇಸರ ಶಾಶ್ವತವಾಯಿತು, ಇನ್ನು ನಾನು ಕಲಿತದ್ದಕ್ಕೂ ಕಲಿಸುವುದಕ್ಕೂ ಬೆಲೆಯಿಲ್ಲ ಎಂದು ದಾರಿಯುದ್ದಕ್ಕೂ ಅನ್ನಿಸಿತು.

ಆ ಶನಿವಾರ ಬೆಳಿಗ್ಗೆ ನಾನು ಮದ್ರಸಾದ ಬಾಗಿಲಿಗೆ ಬಂದಾಗ ಒಳಗೆ ಬಡೀ ಆಪಾ ಇದ್ದರು. ಕಿಟಕಿಯ ಬಳಿಯ ತಮ್ಮ ಜಾಗದಲ್ಲಿ ಕೂತಿರಲಿಲ್ಲ. ಹುಡುಗಿಯರ ಸಾಲಿನಲ್ಲಿ, ತಸ್ಲೀಮಳ ಪಕ್ಕದಲ್ಲಿ, ಮುಂದೆ ತೆರೆದ ಕುರ್‌ಆನ್ ಇಟ್ಟುಕೊಂಡು ಕೂತಿದ್ದರು. ಹುಡುಗಿಯರು ಓದುವುದು ಬಿಟ್ಟು ಕಣ್ಣರಳಿಸಿ ನೋಡುತ್ತಿದ್ದರು.

“ಶಮೀಮ್ ಆಪಾ” ಎಂದರು. ಜೀವಮಾನದಲ್ಲಿ ನನ್ನನ್ನು ಅವರು ಆಪಾ ಎಂದು ಕರೆದದ್ದು ಅದೇ ಮೊದಲು. “ಇವತ್ತಿಂದ ನಂದೂ ಪಾಠ ಕೇಳ್ಬೇಕು ನೀವು.”

ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಅವರು ಕಿಟಕಿಯ ಬಳಿಯ ಚಾಪೆ ತೋರಿಸಿದರು. ಅಲ್ಲಿ ಕೂರಲು ನನ್ನಿಂದ ಆಗುವುದಿಲ್ಲ ಎಂದೆ. ಅವರ ಎದುರು, ಅವರದೇ ಜಾಗದಲ್ಲಿ!

“ನೀನು ನಿಂತೇ ಇದ್ರೆ ನಾನು ಕಲಿಯೋದೆಂಗೆ?” ಎಂದರು. ಈಗ ಮತ್ತೆ ಹಳೆಯ ಏಕವಚನ. ಅದು ಕಿವಿಗೆ ಬಿದ್ದ ಮೇಲೆ ನನಗೆ ಕಾಲು ಬಂತು. ಹೋಗಿ ಕೂತೆ.

ಆಮೇಲೆ ಅವರು ಹುಡುಗಿಯರ ಕಡೆ ತಿರುಗಿ, ನಾನು ಕೇಳಿಸಿಕೊಂಡ ಪಾಠದಲ್ಲಿ ತಪ್ಪುಗಳು ಉಳಿದಿವೆ, ತಪ್ಪು ನಿಮ್ಮದಲ್ಲ, ನನ್ನದು, ಎಲ್ಲರೂ ಶಮೀಮ್ ಆಪಾ ಮುಂದೆ ಪುಸ್ತಕ ತೆರೆದು ಮೊದಲಿಂದ ಒಪ್ಪಿಸಬೇಕು, ನಾನೂ ಒಪ್ಪಿಸುತ್ತೇನೆ ಎಂದು ಹೇಳಿದರು. ಹವಾಮಾನದ ವಿಷಯ ಹೇಳುವಷ್ಟು ಸಾದಾ ಆಗಿ ಹೇಳಿದರು. ಆದರೆ ಅವರ ಎಡಗೈ ದುಪಟ್ಟಾದ ಅಂಚನ್ನು ಹಿಡಿದು ಹಿಂಡುತ್ತಿದ್ದುದು ನನಗೆ ಕಾಣಿಸುತ್ತಿತ್ತು. ಆ ದಿನ ಅವರು ಒಪ್ಪಿಸಿದಾಗ ಮೂರು ಕಡೆ ನಿಲ್ಲಿಸಬೇಕಾಯಿತು. ಮೊದಲನೆಯ ಸಲ ನನಗೆ ಬೆರಳೆತ್ತಲು ಆಗಲಿಲ್ಲ. ನನ್ನ ಮುಖದಿಂದಲೇ ತಿಳಿದು ಅವರೇ ಓದು ನಿಲ್ಲಿಸಿ, ತಪ್ಪನ್ನು ಬಿಟ್ಟೆಯಲ್ಲ ಎಂದು ನನ್ನನ್ನು ಗದರಿದರು.

ಹುಡುಗಿಯರ ಎದುರು ಹೇಳಿದ್ದು ಸಾಲದೆಂದು ಅವರ ಮನೆಯವರಿಗೂ ಹೇಳಬೇಕು ಎಂದರು ಬಡೀ ಆಪಾ. ಹಾಜಿ ಸಾಹೇಬರು ಗಾಬರಿಯಾದರು. ಒಳಗೊಳಗೇ ತಿದ್ದಿಕೊಂಡರೆ ಸಾಕು, ಊರಿಗೆಲ್ಲ ಸಾರಿದರೆ ಮದ್ರಸಾದ ಹೆಸರು ಹೋಗುತ್ತದೆ, ಹೊಸ ಮಕ್ಕಳು ಯಾರು ಬರುತ್ತಾರೆ ಎಂದರು. ಅವರು ಕೆಟ್ಟವರಲ್ಲ. ಆ ಎರಡು ಕೋಣೆಗಳನ್ನು ಉಳಿಸಿಕೊಳ್ಳಲು ಎಷ್ಟು ಬಾಗಿಲು ತಟ್ಟಿದ್ದರು ಎಂಬುದು ನನಗೆ ಗೊತ್ತು.

ಬಡೀ ಆಪಾ, “ಹುಡುಗಿ ಬಾಯಲ್ಲಿ ನನ್ನ ತಪ್ಪು ಉಳಿದ್ರೆ ನಾನು ಕಬರಿಗೆ ಹೋದ್ಮೇಲೂ ಅದು ಓದ್ತಾನೇ ಇರ್ತದೆ ಹಾಜಿ ಸಾಹೇಬ್. ಮದ್ರಸಾ ಹೆಸರು ಅದಕ್ಕಿಂತ ದೊಡ್ಡದಾ?” ಎಂದರು.

ಪರೀಕ್ಷೆಯ ಹೊತ್ತಿಗೆ ಮೂವರನ್ನು ತಯಾರು ಮಾಡಲು ಆಯಿತು. ಅವರು ಪಾಸಾದರು. ತಸ್ಲೀಮಳಲ್ಲಿ ತಪ್ಪುಗಳು ಆಳಕ್ಕೆ ಇಳಿದಿದ್ದವು. ಅವಳನ್ನು ಕೂರಿಸುವುದು ಬೇಡ, ಮುಂದಿನ ವರ್ಷ ನೋಡೋಣ ಎಂದು ಬಡೀ ಆಪಾ ತೀರ್ಮಾನಿಸಿದರು. ಅದನ್ನು ಹೇಳಲು ಅವಳ ಮನೆಗೆ ತಾವೇ ಹೊರಟರು. ನನ್ನನ್ನೂ ಕರೆದುಕೊಂಡರು.

ನಜೀರ್ ಭಾಯ್ ಆಟೋ ಒರೆಸುತ್ತಿದ್ದರು. ಬಡೀ ಆಪಾ ಬಂದರೆ ಓಡಿಬಂದು ಕುರ್ಚಿ ಹಾಕುತ್ತಿದ್ದವರು, ಅಂದು ವಿಷಯ ಆಗಲೇ ಕಿವಿಗೆ ಬಿದ್ದಿತ್ತೋ ಏನೋ, ಕೂರಿ ಎನ್ನಲಿಲ್ಲ. ಬಡೀ ಆಪಾ ಬೀದಿಯಲ್ಲೇ ನಿಂತು, ನಿಮ್ಮ ಮಗಳು ಚೆನ್ನಾಗಿ ಕಲಿತಳು, ನಾನು ತಪ್ಪಾಗಿ ಕೇಳಿಸಿಕೊಂಡೆ, ಅದಕ್ಕೇ ಹಿಂದೆ ಉಳಿದಿದ್ದಾಳೆ ಎಂದರು.

“ನಿಮ್ಮನ್ನ ನಂಬಿ ಸ್ಕೂಲು ಬಿಡಿಸಿದ್ದೆ ಆಪಾ” ಎಂದರು ನಜೀರ್ ಭಾಯ್. ಧ್ವನಿ ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು.

ಬಡೀ ಆಪಾ “ನಿಜ” ಎಂದರು.

ಇವರಿಗೆ ವಯಸ್ಸಾಗಿದೆ, ಹುಷಾರಿಲ್ಲ ಎಂದು ಏನಾದರೂ ಹೇಳಲು ನಾನು ಬಾಯಿ ತೆರೆದೆ. ಬಡೀ ಆಪಾ ನನ್ನ ಮಣಿಕಟ್ಟು ಹಿಡಿದು ಒತ್ತಿದರು. ನಜೀರ್ ಭಾಯ್ ಕರಗಲಿಲ್ಲ. ಮಗಳನ್ನು ಮದ್ರಸಾ ಬಿಡಿಸಿ ಶಾಲೆಗೆ ಕಳಿಸಿದರು. ತಿಂಗಳುಗಳು ಕಳೆದ ಮೇಲೆ ತಸ್ಲೀಮಳ ತಾಯಿ ಅವಳನ್ನು ಶಾಲೆ ಮುಗಿದ ಮೇಲೆ ಕರೆತಂದು ಬಿಡಲು ಶುರು ಮಾಡಿದರು. ಅವಳು ಹಾಫಿಜಾ ಆದದ್ದು ಬಹಳ ತಡವಾಗಿ. ಆ ದಿನ ಅವಳ ಅಪ್ಪ ಬಂದಿದ್ದರು, ಬಡೀ ಆಪಾಗೆ ಸಲಾಮ್ ಮಾಡಿದರು, ಮಾತಾಡಲಿಲ್ಲ. ಕ್ಷಮೆ ಕೇಳಿದ ಮಾತ್ರಕ್ಕೆ ಎಲ್ಲವೂ ಸರಿಹೋಗುತ್ತದೆ ಎಂದು ಹೊಸಬರು ತಿಳಿಯಬಾರದೆಂದು ಇದನ್ನು ಬರೆದೆ. ಸರಿಹೋಗಲಿ, ಹೋಗದಿರಲಿ, ಕೇಳಬೇಕು.

ಆ ವರ್ಷದ ಪರೀಕ್ಷೆ ಮುಗಿದ ಮೇಲೂ ನನ್ನೊಳಗೆ ಒಂದು ಆಸೆ ಉಳಿದಿತ್ತು. ಇದು ಕಿವಿಯ ತೊಂದರೆ ಇರಬಹುದು ಎಂದು. ಬಡೀ ಆಪಾಗೂ ಅದೇ ಆಸೆ. ಕಿವಿಯಾದರೆ ಮೆಷಿನ್ ಹಾಕಿಕೊಂಡರಾಯಿತು ಎನ್ನುತ್ತಿದ್ದರು. ಇಬ್ಬರೂ ಕಿವಿ ಡಾಕ್ಟರ ಹತ್ತಿರ ಹೋದೆವು. ಹಳ್ಳಿಯ ಕಡೆಯವರು, ಸಲುಗೆಯಿಂದ ಮಾತಾಡುವ ಮನುಷ್ಯ. ಕಿವಿಗೆ ಏನೇನೋ ಹಾಕಿ ಪರೀಕ್ಷೆ ಮಾಡಿದರು.

“ಇವರ ಕಿವಿ ನಿಮ್ಮದಕ್ಕಿಂತ ಚೆನ್ನಾಗಿದೆ ಕಣಮ್ಮ” ಎಂದು ನನಗೆ ಹೇಳಿದರು. ಒಳ್ಳೆಯ ಸುದ್ದಿ ಕೊಟ್ಟ ಸಂತೋಷ ಅವರ ಮುಖದಲ್ಲಿತ್ತು. ನಮ್ಮಿಬ್ಬರ ಮುಖ ನೋಡಿ ಅವರ ನಗು ನಿಂತಿತು. ನಾನು ವಿಷಯ ವಿವರಿಸಿದೆ. ಅವರು ಮೆಲ್ಲಗೆ, ನೆನಪಿನ ಕಾಯಿಲೆ ನೋಡುವ ಡಾಕ್ಟರಿಗೆ ತೋರಿಸಿ ಎಂದರು.

ಆ ಡಾಕ್ಟರು ಹೇಳಿದ್ದನ್ನು ವಿವರವಾಗಿ ಬರೆಯುವುದಿಲ್ಲ. ನಿಧಾನವಾಗಿ ಹೋಗುತ್ತದೆ, ನಿಲ್ಲಿಸಲು ಆಗುವುದಿಲ್ಲ ಎಂಬುದು ಅದರ ಸಾರ. ಬಡೀ ಆಪಾರನ್ನು ಕಾಡಿದ್ದು ಸಾವಿನ ಭಯವಲ್ಲ. ಬಾಯಿಪಾಠ ಮಾಡಿದ ಕುರ್‌ಆನನ್ನು ಮರೆಯುವುದು ದೊಡ್ಡ ಪಾಪ ಎಂದು ನಾವೆಲ್ಲ ಕೇಳಿ ಬೆಳೆದವರು. ನಾವೇ ಮಕ್ಕಳಿಗೆ ಹಾಗೆಂದು ಹೆದರಿಸಿದವರು. ನಾನು ಮುಫ್ತಿ ಸಾಹೇಬರನ್ನು ಕೇಳಿಬಂದೆ. ಅಸಡ್ಡೆಯಿಂದ ಬಿಟ್ಟವರ ಮಾತು ಬೇರೆ, ಕಾಯಿಲೆಯಿಂದ ಮರೆತವರ ಮೇಲೆ ಯಾವ ಹೊಣೆಯೂ ಇಲ್ಲ, ಎಡವುತ್ತ ಓದುವವರಿಗೆ ಪ್ರತಿಫಲ ಹೆಚ್ಚೇ ಎಂದು ಅವರು ಫತ್ವಾ ಹೇಳಿ ಕಳಿಸಿದರು. ನಾನು ಓಡಿಬಂದು ಹೇಳಿದೆ.

“ಮುಫ್ತಿ ಸಾಹೇಬರು ಹೇಳಿದ್ದು ಸರಿ” ಎಂದರು. “ಆದ್ರೆ ಭಯ ಫತ್ವಾ ಕೇಳಲ್ಲ ಕಣೇ.”

ಹಾಗಾಗಿ ಅವರು ದಿನವೂ ಬಂದರು. ಪಾಠ ಹೇಳುವುದನ್ನು ಬಿಟ್ಟರು, ಒಪ್ಪಿಸುವುದನ್ನು ಬಿಡಲಿಲ್ಲ. ಮೊದಲು ದಿನಕ್ಕೆ ಕುರ್‌ಆನಿನ ಮೂವತ್ತು ಭಾಗಗಳಲ್ಲಿ ಒಂದನ್ನು ಒಪ್ಪಿಸುತ್ತಿದ್ದವರು ಅರ್ಧ ಭಾಗಕ್ಕೆ ಬಂದರು, ಆಮೇಲೆ ಒಂದು ಪುಟಕ್ಕೆ. ಹೊಸ ಹುಡುಗಿಯರು ಅವರನ್ನು ತಮ್ಮ ಹಾಗೆಯೇ ಒಬ್ಬ ವಿದ್ಯಾರ್ಥಿನಿ ಎಂದುಕೊಂಡು ತಿಂಡಿ ಹಂಚಿಕೊಳ್ಳುತ್ತಿದ್ದರು. ಎಡವಿದರೆ ಪಕ್ಕದವಳೇ ಪಿಸುಗುಟ್ಟಿ ಹೇಳಿಕೊಡುತ್ತಿದ್ದಳು. ಅವರು ತಲೆಯಾಡಿಸಿ ತೆಗೆದುಕೊಳ್ಳುತ್ತಿದ್ದರು. ನಾನು ಪ್ರತಿದಿನ ಮೆಟ್ಟಿಲ ಮೇಲೆ ಅವರ ಹೆಜ್ಜೆ ಕೇಳಿದಾಗ ಇವತ್ತು ಯಾವ ಪುಟ ಹೋಗಿರುತ್ತದೋ ಎಂದು ಹೆದರುತ್ತಿದ್ದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ವಿನಯ ಅವರಲ್ಲಿ ಮೊದಲಿನಿಂದಲೂ ಇತ್ತು. ಅದು ಅಷ್ಟು ಕಷ್ಟದ್ದಲ್ಲ. ಚೆನ್ನಾಗಿ ಗೊತ್ತಿದ್ದದ್ದು, ಇಡೀ ಊರು ನಿಮ್ಮನ್ನು ಗುರುತಿಸಿದ್ದೇ ಅದರಿಂದ ಎನ್ನುವಂಥದ್ದು, ಕಣ್ಣೆದುರೇ ಹೋಗುವಾಗ ಮಕ್ಕಳ ಸಾಲಿನಲ್ಲಿ ಬಂದು ಕೂರುವುದಿದೆಯಲ್ಲ, ಅದನ್ನು ನಾನು ಬೇರೆ ಯಾರಲ್ಲೂ ನೋಡಿಲ್ಲ. ನನಗೆ ಆ ಪಾಡು ಬಂದರೆ ಕೂರಬಲ್ಲೆನೇ ಎಂದು ಈಗಲೂ ಭಯವಾಗುತ್ತದೆ.

ಲಾಕ್‌ಡೌನ್ ಬಂದಾಗ ಮದ್ರಸಾ ಮುಚ್ಚಿತು. ನಾವು ಫೋನಿನಲ್ಲಿ ಪಾಠ ಕೇಳಿಸಿಕೊಳ್ಳಲು ಕಲಿತೆವು. ಬಡೀ ಆಪಾರ ತಮ್ಮನ ಸೊಸೆ ಅವರ ಮುಂದೆ ಫೋನ್ ಹಿಡಿಯುತ್ತಿದ್ದಳು. ಮೊದಮೊದಲು ಎರಡು ಸಾಲು ಓದುತ್ತಿದ್ದರು. ಕೊನೆಕೊನೆಗೆ ಪರದೆಯ ಮೇಲಿನ ನನ್ನ ಮುಖ ನೋಡಿ, ಇವರು ಯಾರು ಎಂದು ಸೊಸೆಯನ್ನು ಕೇಳುತ್ತಿದ್ದುದು ನನಗೇ ಕೇಳಿಸುತ್ತಿತ್ತು. ಆಮೇಲೆ ಫೋನೂ ನಿಂತಿತು.

ಮದ್ರಸಾ ಮತ್ತೆ ತೆರೆದು ಕೆಲವು ವಾರಗಳಾಗಿದ್ದವು. ಬೆಳಗಿನ ಚಿಕ್ಕ ಮಕ್ಕಳಿಗೆ ಅಕ್ಷರ ಹೇಳಿಸುತ್ತಿದ್ದೆ. ಬಾಗಿಲಲ್ಲಿ ಬಡೀ ಆಪಾ ಕಾಣಿಸಿದರು. ತುಂಬ ಇಳಿದುಹೋಗಿದ್ದರು. ಸೊಸೆ ತೋಳು ಹಿಡಿದಿದ್ದಳು. ಬೆಳಿಗ್ಗೆಯಿಂದ ಓದಲು ಹೋಗಬೇಕು ಎಂದು ಹಠ ಹಿಡಿದಿದ್ದಾರೆ, ಎಲ್ಲಿಗೆ ಎಂದು ಅವರಿಗೂ ಗೊತ್ತಿಲ್ಲ, ಅದಕ್ಕೇ ಇಲ್ಲಿಗೆ ಕರೆತಂದೆ ಎಂದಳು. ಬಡೀ ಆಪಾ ಚಪ್ಪಲಿ ಬಿಟ್ಟು, ಹೊಸ ಜಾಗಕ್ಕೆ ಬಂದವರ ಹಾಗೆ ಗೋಡೆಗಳನ್ನೆಲ್ಲ ನೋಡಿ, ನನ್ನ ಮುಂದೆ ಬಂದು ಮಂಡಿಯೂರಿ ಕೂತರು. ಕಣ್ಣು ತಗ್ಗಿಸಿಕೊಂಡೇ ಸಲಾಮ್ ಹೇಳಿದರು.

“ವಯಸ್ಸಾಗೋಗಿದೆ ನಂಗೆ. ಓದೋಕೆ ಬರಲ್ಲ” ಎಂದರು. “ಸೇರಿಸ್ಕೊಳ್ತೀರಾ ಉಸ್ತಾನಿ?”

ಮಕ್ಕಳೆದುರು ಅಳಬಾರದು ಎಂದು ಅವರೇ ನನಗೆ ಹೇಳಿಕೊಟ್ಟಿದ್ದರು. ಸೇರಿಸಿಕೊಳ್ಳುತ್ತೇನೆ ಎಂದೆ. ಅಕ್ಷರದ ಹಾಳೆಯನ್ನು ಅವರ ಮುಂದಿಟ್ಟೆ. ಮೊದಲ ಅಕ್ಷರ ಹೇಳಿದೆ, ಅವರು ಹೇಳಿದರು. ಒಂದೊಂದೇ ಅಕ್ಷರ, ಅವಸರವಿಲ್ಲದೆ. ಚಿಕ್ಕ ಮಕ್ಕಳೂ ಜೊತೆಗೆ ಹೇಳುತ್ತಿದ್ದರು. ಐನ್ ಎಂಬ ಅಕ್ಷರಕ್ಕೆ ಬಂದೆವು. ಅದು ಗಂಟಲಿನ ಆಳದಿಂದ ಬರಬೇಕಾದ ಧ್ವನಿ. ನಮ್ಮ ಕಡೆಯವರ ನಾಲಿಗೆಗೆ ಕಷ್ಟ. ನಾನು ಹೇಳಿದೆ. ಬಡೀ ಆಪಾ ಹೇಳಲಿಲ್ಲ. ಹಣೆ ಗಂಟಿಕ್ಕಿ ನನ್ನ ಗಂಟಲನ್ನೇ ನೋಡಿದರು. ಆಮೇಲೆ ಕೈ ಚಾಚಿ, ಎರಡು ಬೆರಳನ್ನು ನನ್ನ ಕೊರಳಿನ ಮೇಲೆ ಮೆಲ್ಲಗೆ ಇಟ್ಟು, “ಇನ್ನೂ ಒಳಗಿಂದ” ಎಂದರು. ತಾವೇ ಹೇಳಿ ತೋರಿಸಿದರು. ಒಂದಿಷ್ಟೂ ಮಾಸಿರಲಿಲ್ಲ.

ಹೇಳಿದ ಮರುಗಳಿಗೆಯೇ ಹೆದರಿ ಕೈ ಹಿಂದಕ್ಕೆ ಎಳೆದುಕೊಂಡರು. ತಪ್ಪಾಯಿತೇ ಎಂದು ನನ್ನ ಮುಖ ನೋಡಿದರು.

ತಪ್ಪಾಗಿಲ್ಲ ಎಂದೆ. ಅವರ ಕೈ ಹಿಡಿದು ಮತ್ತೆ ನನ್ನ ಕೊರಳಿನ ಮೇಲೆ ಇಟ್ಟುಕೊಂಡು, ಆ ಅಕ್ಷರವನ್ನು ಇನ್ನೊಂದು ಸಲ ಹೇಳಿದೆ.